ಮುನಿಶಾಮಮ್ಮ ಕಂಡ ಬೆಂಕಿರೋಗ

ಬಂಗಾರಪೇಟೆಗೆ ಎರಡು ಮೈಲಿಯಾಚೆಯ ಹಳ್ಳಿಯಲ್ಲಿ ಮುನಿಶಾಮಮ್ಮನಿಗೆ ಒಂದೂವರೆ ಎಕರೆ ಹೊಲವಿತ್ತು. ಗಂಡ ಕದಿರಪ್ಪ ನಂದಿದುರ್ಗವೆಂಬ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವವನು. ಮನೆಗೆ ಬರುತ್ತಿದ್ದುದು ವಾರಕ್ಕೊಮ್ಮೆ. ಹಾಗಾಗಿ ಬಿತ್ತನೆಯಿಂದ ಒಕ್ಕಣೆಯವರೆಗೆ ಎಲ್ಲ ಅವಳದೇ ಯಜಮಾನಿಕೆ.

೧೯೫೮ರ ಮುಂಗಾರಿನಲ್ಲಿ ಅವಳ ರಾಗಿ ಒಟ್ಲಿಗೆ, ಅಂದರೆ ಸಸಿಮಡಿಗೆ, ಬೆಂಕಿರೋಗ ಬಿತ್ತು. ನಾಟಿಗೆಂದು ಬೆಳೆಸಿದ್ದ ಎಳೆಪೈರಿನ ಮೇಲೆಲ್ಲ ನೂಲುವ ಕದಿರಿನಾಕಾರದ ಚುಕ್ಕಿ, ನಡುವೆ ಬೂದಿಬಣ್ಣ. ವಾರದೊಳಗೆ ಪೈರು ಸುಟ್ಟಂತಾಯಿತು.

“ಯಾರ್ದೋ ಕಣ್ಣು ಬಿದ್ದದೆ ಕಣಕ್ಕಾ,” ಎಂದಳು ಓರಗಿತ್ತಿ ನರಸಮ್ಮ.

ಮುನಿಶಾಮಮ್ಮ ಒಪ್ಪಲಿಲ್ಲ. ರೋಗದ ಪೈರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನೇರ ಗ್ರಾಮಸೇವಕ ಜಯರಾಮಪ್ಪನ ಕೋಣೆಗೆ ನಡೆದಳು.

“ಸ್ವಾಮಿ, ಚುಕ್ಕಿ ಕಂಡ ಮೇಲೆ ಎರಡು ಸಲ ಔಸ್ದಿ ಒಡ್ದೆ. ಪೈರು ಉಳೀಲಿಲ್ಲ. ಯಾಕೆ ಅಂತ ಏಳಿ.”

ಜಯರಾಮಪ್ಪ ಬಾಯಲ್ಲಿ ಹೇಳಲಿಲ್ಲ. ಚುಕ್ಕಿಗಳನ್ನು ತೊಳೆದ ನೀರಿನ ಒಂದು ಹನಿಯನ್ನು ಒಳ್ಳೆಯ ಎಲೆಯ ಮೇಲಿಟ್ಟು, ಒದ್ದೆ ಕಾಗದ ಹಾಸಿದ ತಟ್ಟೆಯಲ್ಲಿ ಮುಚ್ಚಿಟ್ಟ. “ಎರಡು ದಿನ ಬಿಟ್ಟು ಬನ್ನಿ ತಾಯಿ, ನಿಮ್ಮ ಕಣ್ಣಿಂದಲೇ ನೋಡುವಿರಂತೆ.”

ಅವನು ಹೇಳಿದ ದಿನಕ್ಕೆ ಅವಳು ಹೋದಳು. ಜಯರಾಮಪ್ಪ ಆ ಎಲೆಯ ತೆಳು ಸಿಪ್ಪೆ ಸುಲಿದು ಮೇಜಿನ ಮೇಲಿನ ಸೂಕ್ಷ್ಮದರ್ಶಕದ ಅಡಿಗಿಟ್ಟ. ಅದಕ್ಕೆ ಕಣ್ಣಿಟ್ಟಾಗ ಮೊದಲು ಕಂಡದ್ದು ಅವಳದೇ ರೆಪ್ಪೆಕೂದಲು. ಆಮೇಲೆ ಎಲೆಯ ಸಿಪ್ಪೆ ಕಂಡಿತು: ಗೋಡೆಗೆ ಗೋಡೆ ಹತ್ತಿದ ಉದ್ದುದ್ದ ಕೋಣೆಗಳು.

“ಅವು ಜೀವಕೋಶಗಳು. ಮೇಲೆ ಮೂರು ಭಾಗದ ಚೂಪು ಬೀಜ ಕಾಣ್ತಾ? ಅದೇ ಬೂಸ್ಟಿನ ಬೀಜ. ಇಬ್ಬನಿ ಸಿಕ್ಕರೆ ಮೊಳೀತದೆ. ಮೊಳಕೆ ತುದಿ ಉಬ್ಬಿ ಎಲೆಗೆ ಅಂಟಿಕೊಳ್ತದೆ.”

“ಅಂಗಿಯ ಕಪ್ಪು ಗುಂಡಿ ತರ ಅದೆಯಲ್ಲ, ಅದಾ?”

“ಅದೇ. ಅದರ ಅಡಿಯಿಂದ ಸಣ್ಣ ಮೊನೆ ಗೋಡೆ ತೂತು ಮಾಡಿ ಒಳಕ್ಕೆ ಇಳೀತದೆ.”

ಮುನಿಶಾಮಮ್ಮ ಉಸಿರು ಬಿಗಿಹಿಡಿದು ನೋಡಿದಳು. ಗುಂಡಿಯ ಕೆಳಗಿನ ಕೋಣೆಯಲ್ಲಿ ದಪ್ಪ ಎಳೆಯೊಂದು ಮಡಚಿಕೊಂಡು ಬೆಳೆದಿತ್ತು. ಅದರ ಕವಲೊಂದು ಆಗಲೇ ಪಕ್ಕದ ಕೋಣೆಗೆ ದಾಟಿತ್ತು. ಆದರೂ ಹೊರಗಿಂದ ಎಲೆ ಹಸಿರಾಗೇ ಇತ್ತು!

“ಒಳಗೆ ಸೇರ್ಕಂಡ ಮೇಲೆ ಔಸ್ದಿ ಅದಕ್ಕೆ ಮುಟ್ಟಾಕಿಲ್ಲ ಅಲ್ವಾ ಸ್ವಾಮಿ? ಔಸ್ದಿ ಎಲೆ ಮೇಲೇ ಇರ್ತದೆ.”

“ಮುಟ್ಟೋದಿಲ್ಲ,” ಎಂದ ಜಯರಾಮಪ್ಪ. ತಾನು ಹೇಳಬೇಕೆಂದಿದ್ದನ್ನು ಅವಳೇ ಹೇಳಿದ್ದಳು.

ಆ ವಾರ ಮನೆಗೆ ಬಂದ ಕದಿರಪ್ಪ, ಗುಂಡಿ ಎಲೆಗೆ ಅಂಟಿಕೊಂಡು ಗೋಡೆ ಕೊರೆಯುವುದನ್ನೆಲ್ಲ ಕೇಳಿಸಿಕೊಂಡ. “ನಾವೂ ಅಷ್ಟೇ ಕಣೆ, ಮಿಶನ್ನು ಗಟ್ಟಿಯಾಗಿ ಊರಿ ನಿಲ್ಲಿಸದೆ ಬಂಡೆ ಕೊರೆಯಾಕಾಗಲ್ಲ,” ಎಂದು ತಲೆದೂಗಿದ.

ಮುಂದಿನ ವರ್ಷ ಮುನಿಶಾಮಮ್ಮ ಹೊಂಗೆ ಮರದ ನೆರಳಿನ ಹಳೆಯ ಮಡಿ ಬಿಟ್ಟಳು. ಅಲ್ಲಿ ಇಬ್ಬನಿ ಹತ್ತು ಗಂಟೆಯಾದರೂ ಆರುತ್ತಿರಲಿಲ್ಲ. ಬಿಸಿಲು ಬೀಳುವ ಜಾಗದಲ್ಲಿ ತೆಳ್ಳಗೆ ಬಿತ್ತಿದಳು. ಪೈರಿಗೆ ಒಂದೇ ಒಂದು ಚುಕ್ಕಿ ಬರುವ ಮುಂಚೆಯೇ, ಜಯರಾಮಪ್ಪ ಹೇಳಿಕೊಟ್ಟ ಔಷಧಿಗೆಂದು ಮಣ್ಣಿನ ಮಡಕೆಯಲ್ಲಿ ಮೈಲುತುತ್ತ ಕರಗಿಸಿ ಸುಣ್ಣದ ಹಾಲು ಬೆರೆಸಿದಳು. ಕುಡುಗೋಲು ಅದ್ದಿ ನೋಡಿದಳು, ಅಲಗು ಕೆಂಪಗಾಯಿತು; ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣ ಹಾಕಿದ ಮೇಲೆ ಅಲಗು ಬೆಳ್ಳಗೇ ಉಳಿಯಿತು. ಆಗ ಅದನ್ನು ಪೈರಿಗೆಲ್ಲ ಹೊಡೆದಳು.

“ಕಾಯಿಲೆ ಇಲ್ದೆ ಯಾರಾದ್ರೂ ಔಸ್ದಿ ಕುಡೀತಾರಾ ಅಕ್ಕಾ?” ನರಸಮ್ಮ ನಕ್ಕಳು.

“ಅದು ಬಾಗ್ಲು ಕೊರೆಯೋ ಮುಂಚೇನೇ ಕಾಯ್ಬೇಕು ಕಣೆ. ನಾನು ನೋಡಿದೀನಿ.”

ಮೋಡ ಮುಸುಕಿದ ಆ ಆಷಾಢದಲ್ಲಿ ನರಸಮ್ಮನ ಒಟ್ಲು ಬೂದಿಯಾಯಿತು. ಮುನಿಶಾಮಮ್ಮನದರಲ್ಲಿ ಅಂಚಿನ ಒಂದೆರಡು ಕಡೆ ಬಿಟ್ಟರೆ ಪೈರು ದಟ್ಟ ಹಸಿರು. ತನಗೆ ಸಾಕಾಗುವಷ್ಟು ಕಿತ್ತುಕೊಂಡು, ಮಿಕ್ಕ ಕಟ್ಟುಗಳನ್ನು ಓರಗಿತ್ತಿಯ ಹೊಲದ ಬದುವಿಗೆ ತಾನೇ ಹೊತ್ತುಕೊಂಡು ಹೋದಳು. ನರಸಮ್ಮ ಸೆರಗು ಸಿಕ್ಕಿಸಿಕೊಂಡು ಅವಳ ಜೊತೆ ನಾಟಿಗೆ ಬಗ್ಗಿದಳು.

ಓದು ಬರದ ಮುನಿಶಾಮಮ್ಮನನ್ನು ಜಯರಾಮಪ್ಪ ರೈತರಿಗೆ ತಿಳಿಹೇಳಲು ಸುತ್ತಲಿನ ಹಳ್ಳಿಗಳಿಗೆ ಕರೆದೊಯ್ಯತೊಡಗಿದ. ೧೯೬೩ರಲ್ಲಿ ಒಂದು ಊರ ಜಗಲಿಯ ಮೇಲೆ ಅವಳು ರಂಗೋಲಿ ಪುಡಿಯಿಂದ ಆ ಬೀಜ, ಗುಂಡಿ, ಕೋಣೆಯ ಎಳೆ ಎಲ್ಲ ಬರೆದು ತೋರಿಸಿದಳು. ಹಿರಿಯ ರೈತ ಚಿಕ್ಕವೆಂಕಟಪ್ಪ ಕಣ್ಣು ಕಿರಿದು ಮಾಡಿದ.

“ಇಷ್ಟು ಸಣ್ಣದು ಅಂತೀಯ, ಇಷ್ಟು ದೊಡ್ಡದಾಗಿ ಬರ್ದಿದೀಯಲ್ಲಮ್ಮ?”

“ನಿಮಗೆ ಕಾಣ್ಲಿ ಅಂತ ಕಣಣ್ಣ,” ಎಂದಳು ಮುನಿಶಾಮಮ್ಮ. “ಈಗ ಏಳಿ, ನಿಮ್ಮ ಒಟ್ಲು ಎಲ್ಲದೆ? ನೋಡ್ಕಂಡು ಬರಾನ.”