ಜೋಪಾನಣ್ಣನ ಬ್ಯಾಟರಿ

ನಮ್ಮ ಬೀದಿಯ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಯವನು ಮಾತಿಗೊಮ್ಮೆ "ಜೋಪಾನ" ಅನ್ನುವುದರಿಂದ ಎಲ್ಲರಿಗೂ ಅವನು ಜೋಪಾನಣ್ಣ. ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಲಿಥಿಯಂ ಬ್ಯಾಟರಿಯಲ್ಲಿ ನಡೆಸಬೇಕೆಂದು ಯಾರಾದರೂ ಹೋದರೆ, ಹೆಣ್ಣು ಕೊಡುವವನ ಹಾಗೆ ವಿಚಾರಿಸುತ್ತಾನೆ: ಎಲ್ಲಿಡುತ್ತೀರಿ, ಬಿಸಿಲು ಬೀಳುತ್ತದೆಯೇ, ಹತ್ತಿರ ಪರದೆ ಇದೆಯೇ? "ನೇರವಾಗಿ ತಂತಿ ಕೊಟ್ಬಿಡಣ್ಣ" ಅಂದರೆ ಮುಖ ಸಿಂಡರಿಸುತ್ತಾನೆ. "ಬ್ಯಾಟರಿ ವೋಲ್ಟೇಜು ಇಳೀತಾ ಹೋಗತ್ತೆ, ಬೋರ್ಡಿಗೆ ಒಂದೇ ಸಮ ಐದು ವೋಲ್ಟ್ ಬೇಕು. ಮಧ್ಯೆ ಕನ್ವರ್ಟರ್ ಇರ್ಲಿ, ಫ್ಯೂಸ್ ಇರ್ಲಿ, ಚಾರ್ಜು ಮಿತಿ ಮೀರಿದ್ರೆ ಕಡಿಯೋ ಸರ್ಕ್ಯೂಟೂ ಇರ್ಲಿ. ಜೋಪಾನ!" ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಬ್ಯಾಟರಿಯನ್ನು ಹಿಂಗೈಯಿಂದ ಮುಟ್ಟಿ ನೋಡುತ್ತಾನೆ, ಚಾರ್ಜಿಗಿಟ್ಟರೆ ಅದು ಮುಗಿಯುವ ತನಕ ಕೂತಲ್ಲಿಂದ ಏಳುವುದಿಲ್ಲ. ಕೊಂಚ ಉಬ್ಬಿದ್ದನ್ನು ಕಂಡರಂತೂ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟುಕೊಂಡು ಬಯಲಿಗೆ ಓಡುತ್ತಾನೆ, ಬೀದಿಯೆಲ್ಲ ನಗುತ್ತದೆ. ನಾನೂ ಒಮ್ಮೆ ನಕ್ಕು, "ಏನೂ ಆಗಲ್ಲ ಬಿಡಣ್ಣ" ಅಂದೆ. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ನನ್ನ ಮಗಳು ಶಾಲೆಗೆ ಅಂತ ಇಂಥದ್ದೇ ಒಂದು ಮಾಡ್ತಿದ್ಲು. ಅಪ್ಪಾ, ಬ್ಯಾಟರಿ ಉಬ್ಬಿದೆ ನೋಡು ಅಂದ್ಲು. ಕೆಲಸದ ಗಡಿಬಿಡೀಲಿ ತಿರುಗಿ ಕೂಡ ನೋಡ್ಲಿಲ್ಲ. ಈಗ ನೀನು ಹೇಳಿದ ಮಾತನ್ನೇ ಅವತ್ತು ನಾನೂ ಹೇಳ್ಬಿಟ್ಟೆ." ಅಷ್ಟರಲ್ಲಿ ಆ ಮಗಳೇ ಬುತ್ತಿ ತಂದಳು. ಅವಳ ಬಲಗೈ ಬೆರಳುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. "ಮತ್ತೆ ಅದೇ ಕತೇನಾ? ನಾನೇ ಮರ್ತಿದೀನಿ, ನೀನೂ ಬಿಡಪ್ಪಾ" ಅಂದಳು. ಅವನು ಹೂಂ ಅಂದ. ಬುತ್ತಿಯ ಮುಚ್ಚಳ ತೆಗೆದವನು ಬಹಳ ಹೊತ್ತು ತುತ್ತೆತ್ತಲಿಲ್ಲ.