ಕೊಸರಿಗೆ ಬಟನ್ ಇಲ್ಲ

ಗೆಳೆಯರೇ, ನನ್ನ ಅಡುಗೆ ಬ್ಲಾಗಿಗೆ ಇವತ್ತು ಬೆಳಿಗ್ಗೆ ಒಂದು ಅಂಗಡಿಯನ್ನೂ ಸೇರಿಸಿದೆ. ಸದ್ಯಕ್ಕೆ ಅಲ್ಲಿರುವುದು ಹುಚ್ಚೆಳ್ಳು ಚಟ್ನಿಪುಡಿ ಮಾತ್ರ. ಆದರೂ ತಿಂಡಿ ಹೊತ್ತಿಗೇ ನಾನು ದೊಡ್ಡ ವ್ಯಾಪಾರಸ್ಥೆ. ನಮ್ಮ ಮನೆಯವರು ಇನ್ನೊಂದು ಚಮಚ ಪುಡಿ ಕೇಳಿದಾಗ, ಸ್ಟಾಕ್ ನೋಡಿ ಹೇಳುತ್ತೇನೆ ಎಂದೆ.

ಮಧ್ಯಾಹ್ನ ಸಖರಾಯಪಟ್ಟಣದಿಂದ ಫೋನ್ ಬಂತು. ಬ್ಲಾಗನ್ನು ಮೊದಲಿನಿಂದಲೂ ಓದುತ್ತಿರುವ ಶಾರದಕ್ಕ.

"ಅರ್ಧ ಕೇಜಿ ಅಂತ ಒತ್ತಿದೀನಿ ಕಣಮ್ಮ. ಕೊಸರಿಗೆ ಎಲ್ಲಿ ಒತ್ಬೇಕು?"

"ಆನ್‌ಲೈನಲ್ಲಿ ತೂಕದ ಮೇಲೆ ಕೊಸರು ಅಂತ ಹಾಕೋದೆಲ್ಲ ಇರಲ್ಲ ಶಾರದಕ್ಕ. ಎಲ್ಲಾ ಸಿಸ್ಟಮ್ಮೇ ತೂಕ, ರೇಟು ಹಾಕುತ್ತೆ" ಎಂದೆ, ಆ ಸಿಸ್ಟಮ್ಮನ್ನು ನಾನೇ ಕಂಡುಹಿಡಿದವಳಂತೆ.

"ಮತ್ತೆ ತರೀಕೆರೆ ಸಂತೇಲಿ ತರಕಾರಿಯವನು ಕರಿಬೇವು ಕೊಸರು ಹಾಕ್ಲಿಲ್ಲ ಅಂತ ಅಷ್ಟುದ್ದ ಬರ್ದಿದ್ಯಲ್ಲಮ್ಮ. ಕೊಸರು ಹಾಕ್ದಿರೋ ಅಂಗಡಿಗೆ ಇನ್ನೊಂದ್ಸಲ ಕಾಲಿಡ್ಬಾರ್ದು ಅಂದಿದ್ದೆ. ನಾನು ಲೈಕ್ ಬೇರೆ ಒತ್ತಿದ್ದೆ."

"ಅದು ಸಂತೆ, ಇದು ವೆಬ್‌ಸೈಟು ಅಕ್ಕ."

"ಅವನಾದ್ರೂ ಕರಿಬೇವೇ ಸಿಕ್ತಿಲ್ಲ ಅಂದಿದ್ನಂತೆ. ನಿನ್ ಅಡ್ಗೆಮನೇಲಿ ಪುಡಿ ಸಿಕ್ತಿಲ್ವಾ?"

ಆ ಹಳೆಯ ಬರಹ ತೆಗೆದು ನೋಡಿದೆ. ಹಾಗೇ ಬರೆದಿದ್ದೆ. ಅಳಿಸಿಬಿಡೋಣ ಎಂದರೆ, ನನ್ನ ಬ್ಲಾಗಿನಲ್ಲಿ ಜನ ಅತಿ ಹೆಚ್ಚು ಮೆಚ್ಚಿದ ಬರಹವೂ ಅದೇ. ಅದರ ಕೆಳಗೇ 'ಈಗಲೇ ಕೊಳ್ಳಿ' ಎಂಬ ಬಟನ್ ಮಿನುಗುತ್ತಿತ್ತು.

ಮೊದಲೇ ಟೇಪು ಸುತ್ತಿಟ್ಟಿದ್ದ ಅರ್ಧ ಕೇಜಿ ಪೊಟ್ಟಣವೊಂದನ್ನು ಬಿಚ್ಚಿ, ಶಾರದಕ್ಕನಿಗೆ ಇನ್ನೊಂದು ಹಿಡಿ ಪುಡಿ ತುಂಬಿದೆ.

ನೀವೂ ಬಂದು ಕೊಳ್ಳಿ. ಅಂಗಡಿಯನ್ನಷ್ಟೇ ನೋಡಿ, ದಯವಿಟ್ಟು ಬರಹಗಳನ್ನು ಓದಬೇಡಿ.