ಮುಜೀಬೋದ್ದೀನನ ಜೋಡಿ ಚೀತಾಗಳು

ಮುಜೀಬೋದ್ದೀನ ಮೂವತ್ತು ವರ್ಷ ಜಾಗೀರದಾರರ ಚೀತಾಗಳನ್ನು ಸಾಕಿದವನು. ಜಿಂಕೆ ಬೇಟೆಗೆಂದು ಹಡಗಿನಲ್ಲಿ ತರಿಸಿದ ಆ ಮೃಗಗಳ ಪಕ್ಕದಲ್ಲೇ ಹೊರಸು ಹಾಕಿಕೊಂಡು ಮಲಗಿ ಮುದುಕನಾದವನು. ನಿಜಾಮನ ಸಂಸ್ಥಾನದ ಮೇಲೆ ಪೊಲೀಸ್ ಆಕ್ಷನ್ ಆದ ವಾರ ಜಾಗೀರದಾರರು ಹೈದರಾಬಾದಿಗೆ ಹೊರಟುಹೋದರು. ಉಳಿದ ಎರಡು ಚೀತಾಗಳನ್ನು ಮುಚ್ಚಿದ ಗಾಡಿಯಲ್ಲಿ ಹಾಕಿಕೊಂಡು ಅವನು ಚಿಂತಾಕಿಯ ಶಿವರಾಜಪ್ಪನವರ ಹೊಲದ ಮನೆಗೆ ಬಂದ. ಹಳೆಯ ಸ್ನೇಹ. ಆ ದಿನಗಳಲ್ಲಿ ಜಾಗೀರದಾರರ ಕಡೆಯ ಮುಸಲ್ಮಾನನಿಗೆ ಜಾಗ ಕೊಡುವುದು ಸಣ್ಣ ಮಾತಲ್ಲ, ಶಿವರಾಜಪ್ಪನವರು ಕೊಟ್ಟರು. ಷರತ್ತು ಒಂದೇ, ಲಿಂಗವಂತರ ಮನೆ, ಮಾಂಸ ಹಳ್ಳದ ಆಚೆಯೇ ಮುಗಿಯಬೇಕು.

ಅವರ ಸೊಸೆ ಶಿವಕಾಂತಾಳ ನಿದ್ದೆ ಹಾರಿತು. ಹೈದರಾಬಾದಿನಲ್ಲಿ ಮ್ಯಾಟ್ರಿಕ್ ಓದಿದವಳು, ಮಡಿಲಲ್ಲಿ ಒಂಬತ್ತು ತಿಂಗಳ ಹೆಣ್ಣುಕೂಸು. ಎರಡು ಗಂಡು ಒಂದೇ ಕೊಟ್ಟಿಗೆಯಲ್ಲಿದ್ದರೆ ಹೋರಿಗಳ ಹಾಗೆ ಕಾದಾಡಿ ಹಗ್ಗ ಹರಿದುಕೊಳ್ಳುವುದು ಖಂಡಿತ, ಬೇರೆ ಬೇರೆ ಕಟ್ಟಿಸಿರಿ ಎಂದು ವಾರವಿಡೀ ಮಾವನ ತಲೆ ತಿಂದಳು. ಮುಜೀಬೋದ್ದೀನ ಬೇಡವೆಂದ. ತೀರ, ಕಮಾನ ಎಂಬ ಆ ಎರಡೂ ಒಂದೇ ತಾಯಿಯ ಮಕ್ಕಳು, ಒಂದರ ಮುಖ ಒಂದು ನೆಕ್ಕುತ್ತಾ ಬೆಳೆದವು. ಹೆಣ್ಣು ಚೀತಾ ಮರಿಗಳನ್ನು ಕಟ್ಟಿಕೊಂಡು ಒಂಟಿಯಾಗಿ ಬಾಳುತ್ತದೆ, ಅಣ್ಣತಮ್ಮಂದಿರು ಮಾತ್ರ ಸಾಯುವ ತನಕ ಕೂಡಿಯೇ ಇರುತ್ತವೆ ಎಂದ. ಆದರೆ ಆಸರೆ ಬೇಡಿ ಬಂದವನು ಎಷ್ಟೆಂದು ವಾದಿಸಿಯಾನು? ಕಮಾನನನ್ನು ದೂರದ ಹುಲ್ಲಿನ ಕೋಣೆಯಲ್ಲಿ ಕಟ್ಟಿದರು.

ಮರುದಿನ ಬೆಳಗಿನಲ್ಲಿ ರಸ್ತೆಯ ಮೇಲೆ ಮಿಲಿಟರಿ ಲಾರಿಗಳು ಹೋದವು. ಒಂಟಿಯಾಗಿದ್ದ ಕಮಾನ ಆ ಸದ್ದಿಗೆ ಬೆದರಿತ್ತು, ಹುಲ್ಲಿನ ಕೋಣೆಯಲ್ಲಿ ಹರಿದ ಹಗ್ಗವಷ್ಟೇ ಉಳಿದಿತ್ತು. ಹೆಜ್ಜೆಗಳು ಆಳೆತ್ತರದ ಜೋಳದೊಳಗೆ ಹೋಗಿದ್ದವು.

ಶಿವಕಾಂತಾ ಕೂಸನ್ನು ಅವುಚಿಕೊಂಡು ಊರಿನವರನ್ನು ಕರೆಸಿರಿ ಎಂದಳು. ಆಮೇಲೆ ಅವಳಿಗೇ ಹೊಳೆಯಿತು. ಬಂದೂಕು ಹಿಡಿದು ಬಂದವರು ಚೀತಾ ಯಾರದೆಂದು ಕೇಳುತ್ತಾರೆ. ಚೀತಾ ಸತ್ತ ಮೇಲೆ ಅದನ್ನು ಸಾಕಿದವನ ಸರದಿ. ತಾನು ಹಟ ಮಾಡಿ ಬೇರೆ ಕಟ್ಟಿಸದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ.

ಮುಜೀಬೋದ್ದೀನ ತೀರನನ್ನು ಅಂಗಳದಾಚೆಯ ಬೇವಿನ ಮರಕ್ಕೆ ಕಟ್ಟಿದ. ದಿನಾ ಮುಂಜಾನೆ ಎರಡೂ ಬಂದು ಉಚ್ಚೆ ಹೊಯ್ದು ಗುರುತು ಮಾಡುತ್ತಿದ್ದುದು ಆ ಮರಕ್ಕೇ. ಹಕ್ಕಿಮರಿಯ ಹಾಗೆ ಚಿಂವ್ ಚಿಂವ್ ಎಂದು ತೀರ ಕೂಗತೊಡಗಿತು. ಜೋಳ ಅಲ್ಲಾಡಲಿಲ್ಲ. ಆಗ ಅವನು ಹೆಂಗಸರತ್ತ ತಿರುಗಿದ. ಜಾಗೀರದಾರರ ಮನೆಯಲ್ಲಿ ಹೊಸ ಚೀತಾ ಬಂದರೆ ಅದನ್ನು ಹೆಂಗಸರು ಕೂತು ಹರಟುವ ಕಡೆ ಕಟ್ಟುವುದು ರೂಢಿ. ಆ ಗದ್ದಲದಲ್ಲೇ ಅದು ಪಳಗುತ್ತಿತ್ತು.

“ಸುಮ್ಮ ಕೂಡಬ್ಯಾಡ್ರಿ ಬೇಟಿ. ಸದ್ದಿಲ್ಲದ ಮನಿಗಿ ಅದು ಅಂಜತದ. ಮಾತಾಡ್ರಿ.”

“ಏನ್ ಮಾತಾಡ್ಲಿರಿ ಚಾಚಾ?”

ಅತ್ತೆ ಗುರಮ್ಮ ಕೇಳಿದರು, “ನಿನಗ ಮಾತಿಗಿ ಬರ ಅದ ಏನವ್ವಾ? ದಿನಾ ನನ್ನ ಮುಂದ ಹೇಳ್ತಿಯಲ್ಲ, ಅದೇ ಹೇಳು.”

ಶಿವಕಾಂತಾ ಹೊಸ್ತಿಲಲ್ಲಿ ಕೂತಳು, ಒಂದು ಕಾಲು ಒಳಗೇ ಇಟ್ಟುಕೊಂಡು. ಕೂಸಿಗೆ ಇನ್ನೂ ಹಲ್ಲು ಬಂದಿಲ್ಲವೆಂದು ಶುರು ಮಾಡಿದಳು. ಹಾಲು ಕಕ್ಕುತ್ತದೆ. ಬೀದರಿನಲ್ಲಿರುವ ಗಂಡನ ಕಾಗದ ಬಂದು ಮೂರು ವಾರವಾಯಿತು. ಬಾವಿಯ ನೀರು ಯಾಕೋ ಮಣ್ಣು ಮಣ್ಣು. ಗುರಮ್ಮ ಹೂಂಗುಟ್ಟುತ್ತಿದ್ದರು. ಮಾತು ಸುತ್ತಿ ಎರಡನೆಯ ಸಲ ಕೂಸಿನ ಹಲ್ಲಿಗೆ ಬರುವ ಹೊತ್ತಿಗೆ ಜೋಳ ಅಲುಗಿತು.

ಕಮಾನ ಹೊರಗೆ ಬಂತು. ತೆಳ್ಳಗಿನ ನಡು, ಇಳಿಬಿದ್ದ ಬಾಲ. ಅವಳತ್ತಲಾಗಲಿ ಕೂಸಿನತ್ತಲಾಗಲಿ ನೋಡದೆ ನೇರ ಮರದ ಕೆಳಗೆ ಹೋಗಿ ಅಣ್ಣನ ಕೆನ್ನೆಗೆ ಕೆನ್ನೆ ಉಜ್ಜಿತು. ಬೀಸುವ ಕಲ್ಲು ತಿರುಗಿದಂಥ ಗುರುಗುರು ಸದ್ದು ಅಂಗಳದವರೆಗೂ ಕೇಳಿಸಿತು. ಮುಜೀಬೋದ್ದೀನ ಅದರ ಕೊರಳಿಗೆ ಹಗ್ಗ ಹಾಕಿ ಅಲ್ಲೇ ನೆಲದ ಮೇಲೆ ಕೂತ. ಶಿವಕಾಂತಾ ಇನ್ನೂ ಬಾವಿಯ ನೀರಿನ ಬಗ್ಗೆ ಹೇಳುತ್ತಲೇ ಇದ್ದಳು.

“ಬಸ್ ಮಾಡ್ರಿ ಬೇಟಿ,” ಎಂದ. “ಬಂತದು.”

ಗುರಮ್ಮನಿಗೆ ನಗು ತಡೆಯಲಾಗಲಿಲ್ಲ. ಎರಡನ್ನೂ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿಸಿರೆಂದು ಅವತ್ತು ಮಾವನಿಗೆ ಹೇಳಿದವಳು ಶಿವಕಾಂತಾ.

ಹದಿನೈದು ದಿನಕ್ಕೆ ಗಂಡನ ಕಾಗದ ಬಂತು, ಕೂಸಿಗೆ ಹಲ್ಲೂ ಮೂಡಿತು. ಹಲ್ಲಿನ ಸುದ್ದಿಯನ್ನು ಅವಳು ಮೊದಲು ಹೇಳಿದ್ದು ಕೊಟ್ಟಿಗೆಗೆ ಹೋಗಿ, ಮುಜೀಬೋದ್ದೀನನಿಗೆ. ಜೋಡಿ ಚೀತಾಗಳು ಒಂದರ ಬೆನ್ನಿಗೆ ಒಂದು ಒರಗಿ ಮಲಗಿದ್ದವು, ತಲೆಯನ್ನೂ ಎತ್ತಲಿಲ್ಲ.